ವಸತಿ ಶಾಲೆಯ ಅಡುಗೆಯವರು, ಅತಿಥಿ ಶಿಕ್ಷಕರ ಪರವಾಗಿ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಕೊರೊನಾ ಬಂದಾಗ ನನ್ನ ಮಗಳು ಸರ್ಕಾರಿ ವಸತಿ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಳು. ಆ ಎರಡು ವರ್ಷ ಶಾಲೆಯನ್ನು ಉಳಿಸಿದವರು ಅಲ್ಲಿನ ಹೊರಗುತ್ತಿಗೆ ಅಡುಗೆಯವರು ಮತ್ತು ಅತಿಥಿ ಶಿಕ್ಷಕರು. ತರಗತಿ ನಡೆಯದ ತಿಂಗಳುಗಳ ಸಂಬಳ ಅವರಿಗೆ ಇವತ್ತಿಗೂ ಬಂದಿಲ್ಲ. ಅದನ್ನು ಕೇಳೋಕೆ ಈ ಪತ್ರ.

2020ರ ಮಾರ್ಚ್‌ನಲ್ಲಿ ಮಕ್ಕಳನ್ನು ಅವಸರದಲ್ಲಿ ಮನೆಗೆ ಕಳಿಸಿದರು. ಟ್ರಂಕು, ಹಾಸಿಗೆ ಎಲ್ಲ ಅಲ್ಲೇ ಉಳಿಯಿತು. ಮೇ ತಿಂಗಳವರೆಗೂ ನಮ್ಮ ಜಿಲ್ಲೆ ಹಸಿರು ವಲಯದಲ್ಲಿತ್ತು, ಆಮೇಲೆ ಹೊರಗಿದ್ದವರು ವಾಪಸ್ ಬರೋಕೆ ಶುರುಮಾಡಿದರು, ಶಾಲೆ ಕ್ವಾರಂಟೈನ್ ಕೇಂದ್ರವಾಯಿತು. ಊರಿನವರು ಬೇಡ ಅಂದರು. ಅವರದ್ದು ತಪ್ಪು ಅನ್ನಲ್ಲ, ಎಲ್ಲರಿಗೂ ಹೆದರಿಕೆ ಇತ್ತು. ಆದರೆ ಬಂದವರು ಯಾರು? ಬೆಂಗಳೂರು, ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋಗಿದ್ದ ನಮ್ಮ ಹುಡುಗರೇ ಅಲ್ವಾ? ನನ್ನ ಅಣ್ಣನ ಮಗನೂ ಅವರಲ್ಲಿದ್ದ. ಅವನು ಹೇಳಿದ್ದು ಇದು: ಅಡುಗೆಯವರು ಪ್ರತಿ ಟ್ರಂಕಿನ ಮೇಲೆ ಮಗುವಿನ ಹೆಸರಿನ ಚೀಟಿ ಅಂಟಿಸಿ, ಎಲ್ಲವನ್ನೂ ಒಂದೇ ಕೋಣೆಗೆ ಸಾಗಿಸಿ ಬೀಗ ಹಾಕಿದ್ದರು. ಮೂರು ಹೊತ್ತೂ ಬೇಯಿಸಿ ಹಾಕುತ್ತಿದ್ದರು. ಜ್ವರ ಬಂದವರಿಗೆ ಗಂಜಿ, ತಿಳಿಸಾರು, ರಾತ್ರಿ ಕಾಳುಮೆಣಸಿನ ಕಷಾಯ. ತಟ್ಟೆಯನ್ನು ಬಾಗಿಲ ಹೊರಗಿಟ್ಟು ದೂರ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಮನೆಗೆ ಹೋದರೆ ಅಕ್ಕಪಕ್ಕದವರು ಏನಂತಾರೋ ಅಂತ ಸ್ಟೋರ್ ರೂಮಿನಲ್ಲೇ ಮಲಗುತ್ತಿದ್ದರು.

ಮಳೆಗಾಲ ಬಂತು, ಪಾಠ ಆನ್‌ಲೈನ್ ಅಂದರು. ನಮ್ಮಲ್ಲಿ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್. ಚಂದನ ಟಿವಿಯಲ್ಲಿ ಸಂವೇದ ಅಂತ ಪಾಠ ಬರುತ್ತಿತ್ತು, ಆದರೆ ಗಾಳಿ ಮಳೆಗೆ ಕರೆಂಟೇ ಇರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಶಿಕ್ಷಕರು ಊರೂರಿಗೇ ಬಂದು ಪಾಠ ಮಾಡುವ ವಿದ್ಯಾಗಮ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತೂ ಹೋಯಿತು. ಅತಿಥಿ ಶಿಕ್ಷಕರು ಸುಮ್ನೆ ಕೂರಲಿಲ್ಲ. ಪಾಠ, ಪ್ರಶ್ನೆ ಎಲ್ಲ ಕೈಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಲೈನ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದರು, ಅವರು ನಮ್ಮ ಕ್ರಾಸಿನ ಅಂಗಡಿಗೆ ತಲುಪಿಸುತ್ತಿದ್ದರು, ಮಕ್ಕಳು ಬರೆದ ಉತ್ತರ ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಿತ್ತು. ಜೆರಾಕ್ಸ್ ದುಡ್ಡೂ ಅವರದ್ದೇ. ಪಕ್ಕದೂರಿನ ಒಬ್ಬ ಹುಡುಗಿಗೆ ಮದುವೆ ಮಾತುಕತೆ ನಡೆದಿದೆ ಅಂತ ಗೊತ್ತಾದಾಗ ಒಬ್ಬ ಮೇಡಂ ಮಳೆಯಲ್ಲೇ ನಡೆದು ಹೋಗಿ ಈಗಲೇ ಮದುವೆ ಬೇಡ ಅಂತ ಅಪ್ಪ ಅಮ್ಮನನ್ನು ಒಪ್ಪಿಸಿ ಬಂದರು. ಆ ಹುಡುಗಿ ನನ್ನ ಮಗಳ ಜೊತೆಗೇ, 2021ರ ಜುಲೈ 19 ಮತ್ತು 22ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು. ಆ ಮೇಡಂಗೆ ಆಗ ಸಂಬಳ ಇರಲಿಲ್ಲ.

ಏಜೆನ್ಸಿಯವರನ್ನು ಕೇಳಿದರೆ ಶಾಲೆ ನಡೆದಿಲ್ಲವಲ್ಲ ಅಂತಾರೆ. ಶಾಲೆ ನಡೆದಿತ್ತು ಸರ್. ಹಾಜರಿ ಪುಸ್ತಕದಲ್ಲಿ ಇಲ್ಲ, ಅಷ್ಟೇ.

ಆ ತಿಂಗಳುಗಳ ಬಾಕಿಯನ್ನು ಲೆಕ್ಕ ಹಾಕಿಸಿ ಕೊಡಿಸಿ. ಇನ್ನು ಮುಂದೆ ವಸತಿ ಶಾಲೆಯ ಅಡುಗೆಯವರಿಗೆ ವರ್ಷದ ಹನ್ನೆರಡು ತಿಂಗಳೂ ಸಂಬಳ ಸಿಗುವ ಹಾಗೆ ಆದೇಶ ಮಾಡಿಸಿ. ಕಟ್ಟಡವನ್ನು ಬೇರೆ ಕೆಲಸಕ್ಕೆ ತೆಗೆದುಕೊಂಡಾಗ ಅಲ್ಲಿ ದುಡಿಯುವವರಿಗೆ ಮಲಗಲು ಜಾಗ ಎಲ್ಲಿ, ಮಾಸ್ಕು ಗ್ಲೌಸು ಯಾರು ಕೊಡಬೇಕು, ಇದೂ ಅದರಲ್ಲೇ ಬರೆದಿರಲಿ. ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆ ಬಂತೆಂದರೆ ಈಗಲೂ ಅದರ ಭಯ. ಹಾಗಿರುವಾಗ ನೂರಾರು ಮಕ್ಕಳು ಒಟ್ಟಿಗೆ ಮಲಗುವ ಶಾಲೆಯಲ್ಲಿ ಜ್ವರ ಬಂದ ಮಗುವನ್ನು ಬೇರೆ ಮಲಗಿಸೋಕೆ ಒಂದು ಕೋಣೆ, ಒಬ್ಬ ನರ್ಸ್ ಬೇಕೇ ಬೇಕು.

ಮುಂದಿನ ಅಧಿವೇಶನದಲ್ಲಿ ದಯವಿಟ್ಟು ಈ ಪ್ರಶ್ನೆ ಕೇಳಿ. ಸರ್ಕಾರ ಏನು ಉತ್ತರ ಕೊಟ್ಟಿತು ಅಂತ ಶಾಲೆಗೂ ಒಂದು ಪತ್ರ ಬರೆಯಿರಿ. ಪೋಷಕರ ಸಭೆಯಲ್ಲಿ, ಅಡುಗೆಯವರನ್ನೂ ಕೂರಿಸಿಕೊಂಡು ಓದುತ್ತೇವೆ.

ಇಂತಿ,
ವಸತಿ ಶಾಲೆಯಲ್ಲಿ ಓದಿದ ಹುಡುಗಿಯ ತಾಯಿ
ತೀರ್ಥಹಳ್ಳಿ ತಾಲ್ಲೂಕು