ಕೊಯ್ದ ಜೊಂಡು ಕೆರೆಯಲ್ಲೇ ಕೊಳೆತರೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಊರ ಕೆರೆಯ ಜೊಂಡನ್ನು ಕೊಯ್ದು ಅಲ್ಲೇ ನೀರಿನಲ್ಲಿ ಕೊಳೆಯಲು ಬಿಟ್ಟರೆ ಹೂಳಿಗೆ ಗೊಬ್ಬರವಾದೀತಲ್ಲವೇ ಎಂದು ನೀನು ಕೇಳಿದ್ದೆ. ಗೊಬ್ಬರವೇನೋ ಆದೀತು, ಆದರೆ ಜೊತೆಗೆ ವಾತಾವರಣವನ್ನು ಬಿಸಿಯಾಗಿಸುವ ಮೀಥೇನ್ ಅನಿಲವೂ ಹುಟ್ಟುತ್ತದೆ. ಹೋದ ಬೇಸಿಗೆಯಲ್ಲಿ ತೂಬಿನ ಬಳಿ ಮೊಣಕಾಲುದ್ದದ ನೀರಿಗಿಳಿದು ಗಳುವನ್ನು ಕೆಸರಿಗೆ ಚುಚ್ಚಿದಾಗ ಗುಳುಗುಳು ಎಂದು ಗುಳ್ಳೆಗಳೆದ್ದದ್ದು ನಿನಗೆ ನೆನಪಿರಬೇಕು. ನಾವು ಮೂಗು ಮುಚ್ಚಿಕೊಂಡದ್ದು ಹೈಡ್ರೋಜನ್ ಸಲ್ಫೈಡಿನ ನಾತಕ್ಕೆ. ಮೀಥೇನಿಗೆ ವಾಸನೆಯೇ ಇಲ್ಲ. 1776ರ ನವೆಂಬರಿನಲ್ಲಿ ಇಟಲಿಯ ಮಜ್ಜೋರೆ ಸರೋವರದ ದಂಡೆಯಲ್ಲಿ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಮಾಡಿದ್ದೂ ಇದನ್ನೇ: ಕೋಲಿನಿಂದ ಕೆಸರು ಕಲಕಿ, ಎದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಆ ಗಾಳಿ ನೀಲಿಯಾಗಿ ಉರಿಯುವುದನ್ನು ಕಂಡುಕೊಂಡನು.

ಎಲೆ, ಪಾಚಿ, ದಂಟು ತಳಕ್ಕಿಳಿದ ಮೇಲೆ ಆಮ್ಲಜನಕ ಅವನ್ನು ಹಿಂಬಾಲಿಸುವುದು ಕೆಸರಿನ ಮೇಲಿನ ಕೆಲವೇ ಮಿಲಿಮೀಟರುಗಳವರೆಗೆ. ಅದರ ಕೆಳಗೆ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲಿಗೆ ಮೊದಲು ನೈಟ್ರೇಟನ್ನೂ ಆಮೇಲೆ ಕಬ್ಬಿಣದ ಆಕ್ಸೈಡುಗಳನ್ನೂ ಸಲ್ಫೇಟನ್ನೂ ಬಳಸಿಕೊಂಡು ಉಸಿರಾಡುತ್ತವೆ, ಅವೆಲ್ಲ ತೀರಿದ ಮೇಲೆಯೇ ಮೀಥೇನ್ ತಯಾರಿಸುವ ಆರ್ಕಿಯಾಗಳ (ಬ್ಯಾಕ್ಟೀರಿಯಾಗಳಂತೆ ಕಂಡರೂ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳ) ಸರದಿ ಬರುತ್ತದೆ. ಸಿಹಿನೀರಿನ ಕೆರೆಯಲ್ಲಿ ಸಲ್ಫೇಟ್ ಕಡಿಮೆಯಿರುವುದರಿಂದ ಆ ಸರದಿ ಬೇಗನೆ ಬರುತ್ತದೆ. ಇಡೀ ಎಲೆಯನ್ನು ತಿನ್ನುವ ಶಕ್ತಿ ಈ ಜೀವಿಗಳಿಗಿಲ್ಲ. ಬೇರೆ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಹುಳಿಸಿ ಅಸಿಟೇಟ್, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮಾಡಿಟ್ಟರೆ, ಇವು ಅಸಿಟೇಟನ್ನು ಸೀಳಿಯೋ ಉಳಿದೆರಡನ್ನು ಕೂಡಿಸಿಯೋ ಮೀಥೇನ್ ಮಾಡುತ್ತವೆ. ನಿಮ್ಮ ಹಿತ್ತಿಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ದುಡಿಯುವುದೂ ಇದೇ ಕುಲ, ಅಲ್ಲಿ ಮಾತ್ರ ನಾವು ಅನಿಲವನ್ನು ಒಲೆಗೆ ತಿರುಗಿಸಿಕೊಂಡಿದ್ದೇವೆ.

ಕೊಳೆಯುವುದೆಷ್ಟು ಎಂಬುದಕ್ಕಿಂತ ಕೊಳೆಯುವುದೇನು ಎಂಬುದು ಮುಖ್ಯವೆಂದು ನನಗೆ ಮನವರಿಕೆಯಾದದ್ದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ. ಕೆನಡಾದ ಸರೋವರದ ಕೆಸರಿಗೆ ಜೊಂಡು, ಸೂಚಿಪರ್ಣಿ ಮರಗಳ ಎಲೆ, ಅಗಲ ಎಲೆಯ ಮರಗಳ ತರಗು, ಹೀಗೆ ಬೇರೆಬೇರೆಯಾಗಿ ಬೆರೆಸಿ ನೋಡಿದಾಗ, ಜೊಂಡು ಬೆರೆತ ಕೆಸರಿನಿಂದ ಮರದ ಎಲೆಗಳದಕ್ಕಿಂತ ಕನಿಷ್ಠ 400 ಪಟ್ಟು ಹೆಚ್ಚು ಮೀಥೇನ್ ಬಂದಿತು. ಮರದೆಲೆಗಳಲ್ಲಿರುವ, ಒಗರು ರುಚಿ ಕೊಡುವ ರಾಸಾಯನಿಕಗಳಾದ ಪಾಲಿಫಿನಾಲ್‌ಗಳು ಆ ಸೂಕ್ಷ್ಮಜೀವಿಗಳ ಕೈ ಕಟ್ಟಿಹಾಕುತ್ತವೆ. ಕೆನಡಾದ ಚಳಿಯ ಲೆಕ್ಕವನ್ನು ನಮ್ಮ ಕೆರೆಗೆ ಹಾಗೇ ಹೊಂದಿಸಲಾಗದು, ಒಪ್ಪುತ್ತೇನೆ. ಆದರೆ ಕೆಸರು ಬೆಚ್ಚಗಾದಷ್ಟೂ ಈ ಕೆಲಸ ಚುರುಕಾಗುತ್ತದೆಯೇ ಹೊರತು ನಿಧಾನವಾಗುವುದಿಲ್ಲ.

ಹುಟ್ಟಿದ ಮೀಥೇನ್ ನಿಧಾನವಾಗಿ ಮೇಲಕ್ಕೆ ಒಸರಿದರೆ, ಆಮ್ಲಜನಕವಿರುವ ಪದರದಲ್ಲಿ ಅದನ್ನೇ ತಿನ್ನುವ ಬ್ಯಾಕ್ಟೀರಿಯಾಗಳು ಬಹುಪಾಲನ್ನು ಮುಗಿಸಿಬಿಡುತ್ತವೆ. ಗುಳ್ಳೆಯಾಗಿ ಎದ್ದರೆ, ಅದರಲ್ಲೂ ನಮ್ಮದರಂಥ ಆಳವಿಲ್ಲದ ಕೆರೆಯಲ್ಲಿ, ಅವುಗಳ ಕೈಗೆ ಸಿಗದೆ ನೇರವಾಗಿ ಗಾಳಿ ಸೇರುತ್ತದೆ. ಅಲ್ಲಿ ನೂರು ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ನಿಂತ ಜೊಂಡಿನದು ಎರಡು ಬಗೆಯ ನಡತೆ: ಅದರ ಟೊಳ್ಳು ದಂಟು ಮೀಥೇನನ್ನು ಕೊಳವೆಯಂತೆ ಮೇಲಕ್ಕೆ ಸಾಗಿಸುತ್ತದೆ, ಅದೇ ದಂಟಿನ ಮೂಲಕ ಬೇರಿಗಿಳಿದ ಆಮ್ಲಜನಕ ಕೆಸರಿಗೂ ಒಂದಿಷ್ಟು ಸೋರುತ್ತದೆ. ಸತ್ತು ಮುಳುಗಿದ ಜೊಂಡಿನಿಂದ ಈ ಎರಡನೆಯ ಉಪಕಾರವೂ ಇಲ್ಲ.

ಹಾಗಾಗಿ ಕೊಯ್ದದ್ದನ್ನು ಅಂದೇ ದಡಕ್ಕೆಳೆಸು. ದಡದಲ್ಲಿ ರಾಶಿ ಹಾಕಿ ಆಗಾಗ ಮಗುಚಿ ಗಾಳಿಯಾಡಿಸಿದರೆ ಮೀಥೇನ್ ಹುಟ್ಟುವುದು ತೀರಾ ಕಡಿಮೆ, ನೀನು ಕೇಳಿದ ಗೊಬ್ಬರವೂ ಸಿಗುತ್ತದೆ. ಸಾಗಿಸಲು ಗಾಡಿ ಸಿಗದೆಂದು ಬರೆದಿದ್ದೀಯೆ; ಏರಿಯ ಕೆಳಗಿನ ತೋಟದವರಿಗೆ ಅಡಿಕೆಯ ಬುಡಕ್ಕೆ ಹೊದಿಸಲು ಬೇಕಾಗಬಹುದು, ಮಳೆ ಹಿಡಿಯುವ ಮೊದಲೇ ಒಮ್ಮೆ ಕೇಳಿ ನೋಡು.

ಇಂತಿ,
ನಿನ್ನ ಗೆಳೆಯ