ಸಿಪಾಯಿಯಲ್ಲ, ಸವಾರ

ಪ್ರೀತಿಯ ತಮ್ಮನಿಗೆ,

ಬೆಂಗಳೂರಿನ ಜಯಚಾಮರಾಜೇಂದ್ರನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಬಗ್ಗೆ ನೀನು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಐದು ಪುಟಗಳಲ್ಲಿ ‘ಹುತಾತ್ಮ’ ಒಂಬತ್ತು ಸಲ, ‘ಬಲಿದಾನ’ ಏಳು ಸಲ ಬಂದಿದೆ. ‘ಕುದುರೆ’ ಒಂದು ಸಲವೂ ಬಂದಿಲ್ಲ. ಅಶ್ವದಳದ ಸ್ಮಾರಕದ ಬಗ್ಗೆ ಬರೆಯುತ್ತಾ ಕುದುರೆಯನ್ನೇ ಮರೆತವನಿಗೆ ಏನು ಹೇಳುವುದೆಂದು ಒಂದು ವಾರ ಯೋಚಿಸಿದೆ. ಬೈಯುವುದು ಬೇಡ ಎನಿಸಿತು. ನಿನ್ನ ವಯಸ್ಸಿನಲ್ಲಿ ನಾನು ಇದಕ್ಕಿಂತ ಕೆಟ್ಟದಾಗಿ ಬರೆದಿದ್ದೆ, ಅದೂ ಇದೇ ಸ್ಮಾರಕದ ಬಗ್ಗೆ.

ನನ್ನ ಲೇಖನದಲ್ಲಿ ‘ಮೈಸೂರಿನ ವೀರ ಸಿಪಾಯಿಗಳು’ ಎಂದಿತ್ತು. ಅಚ್ಚಾದ ಮರುವಾರ ಒಂದು ಅಂಚೆ ಕಾರ್ಡು ಬಂತು. ನಡುಗುವ ಕೈಬರಹ, ಕ್ಷೇಮ ಸಮಾಚಾರವಿಲ್ಲ, ಮೆಚ್ಚುಗೆಯಿಲ್ಲ. ‘ಕುದುರೆಯ ಮೇಲೆ ಕುಳಿತವನು ಸವಾರ. ಸಿಪಾಯಿ ನೆಲದ ಮೇಲೆ ನಡೆಯುತ್ತಾನೆ.’ ಅಷ್ಟೇ. ಆ ಕಾರ್ಡನ್ನು ಬಹಳ ವರ್ಷ ನಿಘಂಟಿನೊಳಗೆ ಇಟ್ಟುಕೊಂಡಿದ್ದೆ. ಅದರ ದೆಸೆಯಿಂದಲೇ ಸವಾರ, ದಫೇದಾರ, ರಿಸಾಲ್ದಾರ ಎಂಬ ಮೆಟ್ಟಿಲುಗಳನ್ನು ಕಲಿತೆ. ನಮ್ಮ ಜಿಲ್ಲಾಧಿಕಾರಿಗಳ ಕಚೇರಿಯ ಬಾಗಿಲಲ್ಲಿ ಪೇಟ ಸುತ್ತಿ ನಿಲ್ಲುವ ದಫೇದಾರನಿಗೂ ಕುದುರೆ ದಳದ ದಫೇದಾರನಿಗೂ ಹೆಸರು ಒಂದೇ ಎಂದು ತಿಳಿದ ದಿನ ಆದ ಖುಷಿ, ನನ್ನ ಮೊದಲ ಪುಸ್ತಕ ಬಂದಾಗಲೂ ಆಗಿರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಈ ಲ್ಯಾನ್ಸರ್ಸ್ ಕಾದಿದ ಹೈಫಾ ಕಾಳಗವನ್ನು ನೀನು ‘ಘೋರ ಯುದ್ಧ’ ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀಯ. ಹೈಫಾ ಈಗಿನ ಇಸ್ರೇಲಿನ ಊರು. 1918ರ ಸೆಪ್ಟೆಂಬರ್ 23. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕೀಶೋನ್ ಹೊಳೆ, ನಡುವೆ ಊರಿಗೆ ಹೋಗುವ ಇಕ್ಕಟ್ಟಾದ ದಾರಿ. ಮೇಲಿಂದ ಫಿರಂಗಿ, ಮಷಿನ್ ಗನ್. ಜೊತೆಗಿದ್ದ ಜೋಧಪುರದ ಸವಾರರು ಊರಿನ ಕಡೆಗೆ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಫಿರಂಗಿಗಳನ್ನು ಹಿಡಿಯಲು ಬೆಟ್ಟ ಹತ್ತಿತು. ಕಲ್ಲಿನ ಇಳಿಜಾರಿನಲ್ಲಿ ಕುದುರೆ ಹತ್ತಿಸುವುದೆಂದರೆ ಏನೆಂದು ಯೋಚಿಸಿದ್ದೀಯಾ? ಲಾಳ ಜಾರುತ್ತದೆ, ಜೀನು ಹಿಂದಕ್ಕೆ ಎಳೆಯುತ್ತದೆ, ಕೈಯಲ್ಲಿ ಭರ್ಜಿ ಬೇರೆ. ನಿನ್ನ ಬರಹದಲ್ಲಿ ಆ ಇಳಿಜಾರು ನನಗೆ ಬೇಕಿತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ವಿಗ್ರಹವಾಗಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನವನು ಎಂಬುದನ್ನು ನೀನು ಬರೆದಿದ್ದೀಯ, ಸರಿ. ಅದು ಎಲ್ಲರೂ ಬರೆಯುವುದು.

ಇನ್ನೊಂದು ಮಾತು. ಸ್ಮಾರಕ ಎಂಬುದು ಇಂಗ್ಲಿಷರು ನಮಗೆ ಕಲಿಸಿದ ವಿದ್ಯೆ ಎಂಬಂತೆ ಬರೆದಿದ್ದೀಯ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ವೀರಗಲ್ಲನ್ನು ನೋಡಿ ಬಾ. ಹತ್ತನೆಯ ಶತಮಾನದ್ದು. ಮಣಲೇರನೆಂಬ ವೀರ ಚೋಳರ ಮೇಲಿನ ಕಾಳಗದಲ್ಲಿ ಮೆರೆದು, ಬೇಕಾದ್ದನ್ನು ಕೇಳು ಎಂದ ತನ್ನ ದೊರೆಯಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ಆ ಜಗಳ ಹಾಗೆಯೇ ನಿಂತಿದೆ. ನಾಯಿಯ ಹೆಸರಿದೆ, ಹಂದಿ ಸಿಕ್ಕ ಜಾಗವಿದೆ, ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯ ಲೆಕ್ಕವಿದೆ. ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂಬ ಶಾಪವೂ ಇದೆ. ಬರೆಸಿದವನಿಗೆ ಪೂಜಾರಿಯ ಸ್ವಭಾವ ಚೆನ್ನಾಗಿ ಗೊತ್ತಿತ್ತು! ಸಾವಿರ ವರ್ಷ ಕಳೆದರೂ ಕಾಳಿ ನನ್ನ ಕಣ್ಣ ಮುಂದೆ ಓಡುತ್ತಾಳೆ. ನಿನ್ನ ಒಂಬತ್ತು ಹುತಾತ್ಮರಲ್ಲಿ ಒಬ್ಬರೂ ಅಲುಗಲಿಲ್ಲ.

ಆ ಕಾಲದವರು ಸತ್ತವನ ಮನೆಯನ್ನೂ ಮರೆಯುತ್ತಿರಲಿಲ್ಲ. ನೆತ್ತರುಗೊಡಗೆ ಎಂದು ಮನೆಯವರಿಗೆ ಹೊಲ ಬಿಡುತ್ತಿದ್ದರು. ಎಷ್ಟೋ ಶಾಸನಗಳು ಅದನ್ನು ದಾಖಲಿಸಿವೆ. ನೀನು ಸತ್ತವರ ಬಗ್ಗೆ ಐದು ಪುಟ ಬರೆದೆ. ಬದುಕಿ ಬಂದವರು? ಬೆಂಗಳೂರಿನ ಯಾವ ಉದ್ಯಾನದಲ್ಲಿ ನೋಡಿದರೂ ಬೆಳಗಿನ ನಡಿಗೆಗೆ ಬರುವ ಒಬ್ಬಿಬ್ಬರು ಮಾಜಿ ಸೈನಿಕರು ಸಿಗುತ್ತಾರೆ. ಬಿಳಿ ಕ್ಯಾನ್ವಾಸ್ ಶೂ, ಮಡಿಕೆ ಮುರಿಯದ ಅಂಗಿ. ಹೋದ ಕೂಡಲೇ ‘ಯುದ್ಧದ ಅನುಭವ ಹೇಳಿ ಸರ್’ ಎನ್ನಬೇಡ. ಅವರ ಬೆಂಚಿನಲ್ಲಿ ಸುಮ್ಮನೆ ಕೂರು. ಕ್ಯಾಂಟೀನಿನಲ್ಲಿ ಏನು ಬಂದಿದೆ, ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ‘ನಾನು ಬದುಕಿದ್ದೇನೆ’ ಎಂಬ ಪ್ರಮಾಣಪತ್ರ ಕೊಡುವಾಗ ಬೆರಳಚ್ಚು ಮೂಡದೆ ಏನಾಯಿತು, ಮಂಡಿನೋವಿಗೆ ಯಾವ ಎಣ್ಣೆ: ಮಾತು ಅಲ್ಲೇ ಸುತ್ತುತ್ತದೆ. ಸುತ್ತಲಿ. ಎಂಟು ಹತ್ತು ದಿನವಾದ ಮೇಲೆ ಒಬ್ಬರು ಯಾವುದೋ ಚಳಿಯ ರಾತ್ರಿಯ ಬಗ್ಗೆ ಒಂದು ವಾಕ್ಯ ಹೇಳಬಹುದು, ಹೇಳದೆಯೂ ಇರಬಹುದು. ಹೇಳಿದರೆ ಅಲ್ಲೇ ಮೊಬೈಲ್ ತೆಗೆದು ಧ್ವನಿಮುದ್ರಣಕ್ಕೆ ಇಳಿಯಬೇಡ. ಮನೆಗೆ ಬಂದು ಬರೆದುಕೋ.

ಬರಹವನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಮೂರನೆಯ ಪುಟದಲ್ಲಿ ಕಲ್ಲಿನ ಬುಡಕ್ಕೆ ಒರಗಿ ಕಡಲೆಕಾಯಿ ಸುಲಿಯುವ ಹುಡುಗ ಇದ್ದಾನಲ್ಲ, ಅವನನ್ನು ಮಾತ್ರ ತೆಗೆಯಬೇಡ. ಮತ್ತೆ ಸ್ಮಾರಕಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ಹೋಗು. ಓರೆ ಬಿಸಿಲು ಬಿದ್ದಾಗ ಕೊರೆದ ಅಕ್ಷರದೊಳಗೆ ನೆರಳು ನಿಲ್ಲುತ್ತದೆ, ಸವೆದದ್ದೂ ಓದಲು ಬರುತ್ತದೆ. ಸುಣ್ಣ, ಅರಿಸಿನ ಏನನ್ನೂ ಬಳಿಯಬೇಡ. ಅಲ್ಲಿರುವ ಹೆಸರುಗಳನ್ನು ಒಂದೂ ಬಿಡದೆ ಬರೆದುಕೊಂಡು ಮೊದಲು ನನಗೆ ಕಳಿಸು, ಲೇಖನಕ್ಕೆ ಅವಸರವಿಲ್ಲ.

ಇಂತು ನಿನ್ನ
ಅಣ್ಣ