6,600 ಸೀಟು ಸಾಕು ಅಂತ ಹೇಳಿದ್ದು ಯಾರು? ಒಟ್ಟಾವಾ ಮೇಯರ್‌ಗೆ ಬಹಿರಂಗ ಪತ್ರ

ಒಟ್ಟಾವಾ, ಡಿಸೆಂಬರ್ 2025

ಮಾನ್ಯ ಮೇಯರ್ ಮಾರ್ಕ್ ಸಟ್‌ಕ್ಲಿಫ್ ಅವರಿಗೆ,

ನಮಸ್ಕಾರ.

ನವೆಂಬರ್ 7ರಂದು ನಿಮ್ಮ ಕೌನ್ಸಿಲ್ 15-10 ಮತಗಳಿಂದ ಲ್ಯಾನ್ಸ್‌ಡೌನ್ 2.0 ಯೋಜನೆಗೆ, ಅಂದರೆ ನಗರದ ಲ್ಯಾನ್ಸ್‌ಡೌನ್ ಕ್ರೀಡಾ ಆವರಣವನ್ನು ಹೊಸದು ಮಾಡುವ ಯೋಜನೆಗೆ, ಒಪ್ಪಿಗೆ ಕೊಟ್ಟಿತು. ಖರ್ಚು ಸುಮಾರು 41.9 ಕೋಟಿ ಡಾಲರ್. ಹೊಸ ಐಸ್ ಹಾಕಿ ಅರೀನಾ, ಫುಟ್‌ಬಾಲ್ ಮೈದಾನದ ಉತ್ತರಕ್ಕೆ ಹೊಸ ಸ್ಟ್ಯಾಂಡ್, ಜೊತೆಗೆ ಎತ್ತರದ ಮನೆ ಕಟ್ಟಡಗಳು. ನನ್ನ ತಕರಾರು ಇಡೀ ಯೋಜನೆಯ ಮೇಲಲ್ಲ, ಅದರೊಳಗಿನ ಒಂದು ಅಂಕಿಯ ಮೇಲೆ. ಮಹಿಳೆಯರ ವೃತ್ತಿಪರ ತಂಡ ಒಟ್ಟಾವಾ ಚಾರ್ಜ್ ಆಡುವ ಈಗಿನ ಅರೀನಾದಲ್ಲಿ ಸುಮಾರು 8,500 ಜನ ಹಿಡಿಸುತ್ತಾರೆ. ಹೊಸದರಲ್ಲಿ ನಿಂತು ನೋಡುವವರನ್ನೂ ಸೇರಿಸಿ 6,600. ಕೂರುವ ಸೀಟು 6,000ಕ್ಕೂ ಕಡಿಮೆ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದು ಇಲ್ಲಿರುವ ನಮ್ಮವರು ಓದಲಿ ಅಂತ. ನಗರಸಭೆ ಅಂದರೆ ನಾವು ಹಿಮ ತೆಗೆಯುವುದು, ಕಸ, ಮನೆ ತೆರಿಗೆ ಬಿಟ್ಟು ಬೇರೆ ಮಾತಾಡುವುದು ಕಡಿಮೆ. ಬರುವ ಅಕ್ಟೋಬರ್‌ನಲ್ಲಿ ಚುನಾವಣೆ ಇದೆ. ಅದಕ್ಕೆ ಮುಂಚೆ ಇದನ್ನೂ ಸ್ವಲ್ಪ ಮಾತಾಡೋಣ ಅನ್ನಿಸಿತು.

ನಿಮಗೆ ಗೊತ್ತಿರುವ ಸಂಗತಿಯನ್ನೇ ನಮ್ಮ ಓದುಗರಿಗಾಗಿ ಹೇಳುತ್ತೇನೆ. ಲ್ಯಾನ್ಸ್‌ಡೌನ್‌ನ ಈ ಅರೀನಾ ಒಂದು ವಿಚಿತ್ರ ಕಟ್ಟಡ. ಅದಕ್ಕೆ ತನ್ನದೇ ಆದ ಛಾವಣಿಯೇ ಇಲ್ಲ ಅಂದರೂ ನಡೆಯುತ್ತದೆ. ಫುಟ್‌ಬಾಲ್ ಮೈದಾನದ ಉತ್ತರದ ಸ್ಟ್ಯಾಂಡ್ ಕೆಳಗೆ ಅದನ್ನು ತೂರಿಸಿ ಕಟ್ಟಿದ್ದಾರೆ. ಅದಕ್ಕೇ ಒಳಗೆ ಸೀಟುಗಳು ಎರಡೂ ಕಡೆ ಸಮವಾಗಿಲ್ಲ. ಒಂದು ಕಡೆ ಎತ್ತರಕ್ಕೆ ಏರುತ್ತವೆ, ಇನ್ನೊಂದು ಕಡೆ ಛಾವಣಿ ತಲೆ ಮೇಲೆ ಇಳಿಯುತ್ತಾ ಬರುತ್ತದೆ. ಬಾಗಿಲು ತೆರೆದದ್ದು 1967ರ ಡಿಸೆಂಬರ್‌ನಲ್ಲಿ, ಕೆನಡಾ ಒಕ್ಕೂಟಕ್ಕೆ ನೂರು ತುಂಬಿದ ವರ್ಷ. ಇಲ್ಲೇ ಆಡುವ ಜೂನಿಯರ್ ತಂಡದ ಹೆಸರು 67'ಸ್ ಅಂತ ಇರುವುದೂ ಆ ವರ್ಷದಿಂದಲೇ. 1992ರಲ್ಲಿ ಪುರುಷರ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ಗೆ ಸೇರಿದ ಸೆನೆಟರ್ಸ್ ತಂಡ ಮೊದಲ ಆಟದಲ್ಲೇ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವನ್ನು 5-3ರಿಂದ ಸೋಲಿಸಿದ್ದೂ ಇಲ್ಲೇ.

ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದು 1990ರ ಮಾರ್ಚ್. ಮಹಿಳೆಯರ ಐಸ್ ಹಾಕಿಯ ಮೊಟ್ಟಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಈ ಅರೀನಾದಲ್ಲಿ. ಒಲಿಂಪಿಕ್ಸ್‌ಗೆ ಮಹಿಳೆಯರ ಐಸ್ ಹಾಕಿ ಬಂದದ್ದು 1998ರಲ್ಲಿ, ಅಂದರೆ ಈ ಚಾಂಪಿಯನ್‌ಶಿಪ್ ಅದಕ್ಕೂ ಎಂಟು ವರ್ಷ ಮೊದಲಿನದು. ಕೆನಡಾದ ಹುಡುಗಿಯರಿಗೆ ದೇಶದ ಕೆಂಪು ಜೆರ್ಸಿ ಕೊಡಲಿಲ್ಲ, ಗುಲಾಬಿ ಬಣ್ಣದ್ದು ತೊಡಿಸಿದರು. ಹುಡುಗಿಯರು ಅಂದರೆ ಗುಲಾಬಿ, ಅಲ್ವಾ! ಆ ಗುಲಾಬಿ ಜೆರ್ಸಿಯಲ್ಲೇ ಅವರು ಫೈನಲ್‌ನಲ್ಲಿ ಅಮೆರಿಕವನ್ನು 5-2ರಿಂದ ಸೋಲಿಸಿದರು. ನೋಡಲು ಬಂದವರು 8,700ಕ್ಕೂ ಹೆಚ್ಚು. 35 ವರ್ಷದ ಹಿಂದೆ, ವೃತ್ತಿಪರ ಲೀಗ್ ಎಂಬುದೇ ಇಲ್ಲದ ಕಾಲದಲ್ಲಿ ಬಂದ ಆ ಜನ ನೀವು ಈಗ ಕಟ್ಟಲು ಹೊರಟಿರುವ ಅರೀನಾದಲ್ಲಿ ಹಿಡಿಸುವುದಿಲ್ಲ. ಎರಡು ಸಾವಿರ ಜನ ಹೊರಗೆ ಬ್ಯಾಂಕ್ ಸ್ಟ್ರೀಟ್ ರಸ್ತೆಯಲ್ಲೇ ಉಳಿಯುತ್ತಾರೆ.

ಹಳೆಯ ಕತೆ ಬೇಡ ಅಂದರೆ ಹೊಸದನ್ನೇ ತೆಗೆದುಕೊಳ್ಳಿ. 2024ರ ಜನವರಿ 2, ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್‌ನಲ್ಲಿ ಒಟ್ಟಾವಾ ತಂಡದ ಮೊದಲ ಆಟ. ಚಾರ್ಜ್ ಅನ್ನುವ ಹೆಸರೂ ಆಗ ಇರಲಿಲ್ಲ. ಬಂದವರು 8,318. ಮಹಿಳೆಯರ ವೃತ್ತಿಪರ ಹಾಕಿಯಲ್ಲಿ ಆ ದಿನದ ಮಟ್ಟಿಗೆ ಅದು ದಾಖಲೆ. 2025ರಲ್ಲಿ ತಂಡ ಫೈನಲ್‌ಗೆ ಹೋಯಿತು. ಮಿನೆಸೋಟ ವಿರುದ್ಧ ನಾಲ್ಕು ಆಟ, ನಾಲ್ಕೂ ಓವರ್‌ಟೈಮ್, ನಾಲ್ಕೂ 2-1. ಮೂರನ್ನು ನಾವು ಸೋತೆವು. ಆದರೂ ಪ್ಲೇಆಫ್‌ನ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಸಿಕ್ಕಿದ್ದು ನಮ್ಮ ಗೋಲ್‌ಕೀಪರ್ ಗ್ವಿನೆತ್ ಫಿಲಿಪ್ಸ್‌ಗೆ. ಸೋತ ತಂಡದವರಿಗೆ ಅಂಥ ಪ್ರಶಸ್ತಿ ಸುಮ್ನೆ ಕೊಡುವುದಿಲ್ಲ.

ಬೇರೆ ಊರುಗಳು ಏನು ಮಾಡಿದವು ನೋಡಿ. ಟೊರಾಂಟೊ ತಂಡ ಮೊದಲ ವರ್ಷ ಸುಮಾರು 2,500 ಸೀಟಿನ ರಿಂಕ್‌ನಲ್ಲಿ ಆಡಿತು. ಟಿಕೆಟ್ ಸಿಗದೆ ಜನ ಒದ್ದಾಡಿದರು. ಎರಡನೇ ವರ್ಷಕ್ಕೇ 8,000ಕ್ಕೂ ಹೆಚ್ಚು ಜನ ಹಿಡಿಸುವ ಕೊಲಿಸಿಯಂಗೆ ಹೋಯಿತು. ಮಾಂಟ್ರಿಯಲ್ ತಂಡ ವೆರ್ಡನ್‌ನ ಚಿಕ್ಕ ಅರೀನಾದಿಂದ ಲವಾಲ್‌ನ ಪ್ಲಾಸ್ ಬೆಲ್‌ಗೆ ಬಂತು. ಅಲ್ಲಿ ಸುಮಾರು 10,000 ಜನ ಹಿಡಿಸುತ್ತಾರೆ. ಈ ವರ್ಷ ಸೇರಿದ ವ್ಯಾಂಕೂವರ್ ತಂಡದ್ದು ಇನ್ನೂ ಸ್ವಾರಸ್ಯ. ಅವರು ಮನೆ ಮಾಡಿಕೊಂಡ ಪೆಸಿಫಿಕ್ ಕೊಲಿಸಿಯಂ ತೆರೆದದ್ದು 1968ರ ಜನವರಿಯಲ್ಲಿ. ಅಂದರೆ ನಮ್ಮದೂ ಅವರದೂ ಒಂದೇ ಚಳಿಗಾಲದ ಕೂಸುಗಳು. ಅವರು ಹಳೆಯದನ್ನೇ ಸರಿಮಾಡಿಕೊಂಡರು, ಮೊದಲ ಆಟಕ್ಕೆ 14,958 ಜನ ಬಂದರು. ಎಲ್ಲರೂ ದೊಡ್ಡದಕ್ಕೆ ಹೋಗುತ್ತಿರುವಾಗ ಚಿಕ್ಕದಕ್ಕೆ ಹೋಗುತ್ತಿರುವ ಊರು ನಮ್ಮದು.

ನಿಮ್ಮ ಕಡೆಯ ವಾದ ನನಗೆ ಗೊತ್ತಿದೆ. 67'ಸ್ ಆಟಕ್ಕೆ ಅಷ್ಟು ಜನ ಬರುವುದಿಲ್ಲ. ಖಾಲಿ ಸೀಟಿಗೂ ಕಾಸು ಬೇಕು. ಈಗಿನ ಕಟ್ಟಡದಲ್ಲಿ ಗಾಲಿಕುರ್ಚಿಯವರು ಓಡಾಡುವುದು ಕಷ್ಟ, ಓಣಿಗಳು ಇಕ್ಕಟ್ಟು, ರಿಪೇರಿಗೆ ಕೊನೆಯಿಲ್ಲ. ಇದೆಲ್ಲ ನಿಜ. ಹೊಸದು ಬೇಕು ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಚಿಕ್ಕದು ಬೇಕು ಅನ್ನುವುದಕ್ಕೆ ಇದು ಕಾರಣವಲ್ಲ.

ಸರಾಸರಿಯ ಲೆಕ್ಕವೂ ನನಗೆ ಸರಿ ಕಾಣುವುದಿಲ್ಲ. ಮಂಗಳವಾರ ರಾತ್ರಿ 5,000, ಶನಿವಾರ 8,200 ಜನ ಬಂದರು ಅಂತಿಟ್ಟುಕೊಳ್ಳಿ. ಸರಾಸರಿ 6,600. ಆಹಾ, 6,600 ಸೀಟು ಕಟ್ಟಿದರೆ ಸರಿಯಾಯಿತು ಅನ್ನಿಸುತ್ತದೆ. ಹೊಸ ಅರೀನಾದಲ್ಲಿ ಅದೇ ವಾರ ಏನಾಗುತ್ತದೆ? ಮಂಗಳವಾರ 5,000ವೇ. ಶನಿವಾರ 6,600ಕ್ಕೆ ಬಾಗಿಲು ಹಾಕಬೇಕು. ಸರಾಸರಿ 5,800ಕ್ಕೆ ಇಳಿಯಿತು. ಶನಿವಾರದ ಟಿಕೆಟ್ ದುಡ್ಡಿನಿಂದಲೇ ಮಂಗಳವಾರ ನಡೆಯುವುದು. ಮಕ್ಕಳನ್ನು ಕರೆದುಕೊಂಡು ಬರುವ ಮನೆಗಳೂ ಶನಿವಾರಕ್ಕೇ ಬರುವುದು. ಸೀಟು ಕಡಿಮೆಯಾದರೆ ಟಿಕೆಟ್ ಬೆಲೆ ಏರುತ್ತದೆ, ಮೊದಲು ಬಿಟ್ಟುಹೋಗುವವರೂ ಇವರೇ.

ಇನ್ನೊಂದು ವಿಷಯ. ಈ ಲೀಗ್‌ನಲ್ಲಿ ಒಂದೊಂದು ತಂಡಕ್ಕೆ ಒಬ್ಬೊಬ್ಬ ಮಾಲೀಕ ಅಂತಿಲ್ಲ. ಎಲ್ಲ ತಂಡಗಳೂ ಒಂದೇ ಮಾಲೀಕರ ಕೈಯಲ್ಲಿವೆ. ಹುಟ್ಟೂರಿನ ಪ್ರೀತಿಗೆ ನಷ್ಟ ಸಹಿಸಿಕೊಂಡು ಇಲ್ಲೇ ಇರುವ ಸ್ಥಳೀಯ ಧಣಿ ಇಲ್ಲಿಲ್ಲ. ಹೊಸ ಅಳತೆ ತಮಗೆ ಆಗುವುದಿಲ್ಲ ಅಂತ ಲೀಗ್‌ನವರು ಮತದಾನಕ್ಕೆ ಮುಂಚೆಯೇ ಬಾಯಿಬಿಟ್ಟು ಹೇಳಿದರು. ಅದನ್ನು ವ್ಯಾಪಾರದ ಬೆದರಿಕೆ ಅಂತ ತಳ್ಳಿಹಾಕುವುದು ಸುಲಭ. ತಂಡ ಬೇಕು ಅನ್ನುವ ಊರುಗಳು ಸಾಲು ನಿಂತಿರುವ ಹೊತ್ತಿನಲ್ಲಿ ಅಷ್ಟು ಧೈರ್ಯ ನನಗಂತೂ ಬರುವುದಿಲ್ಲ.

ನಗರದ ಪಶ್ಚಿಮದ ಅಂಚಿನ ಕನಾಟಾದಲ್ಲಿ ಸೆನೆಟರ್ಸ್ ತಂಡದ ಅರೀನಾ ಇದೆಯಲ್ಲ ಅನ್ನುತ್ತಾರೆ. 18,000 ಸೀಟಿನ ಆ ಜಾಗ ಹಬ್ಬದ ದಿನಕ್ಕೆ ಚೆನ್ನ. ವಾರದ ರಾತ್ರಿ ಅರ್ಧಕ್ಕೂ ಹೆಚ್ಚು ಖಾಲಿ ಕಾಣುತ್ತದೆ. ಅಲ್ಲಿಗೆ ರೈಲೂ ಇಲ್ಲ. ಊರಿನ ಮಧ್ಯಕ್ಕೆ ಹತ್ತಿರದ ಲೆಬ್ರೆಟನ್ ಫ್ಲ್ಯಾಟ್ಸ್‌ನಲ್ಲಿ ಅವರಿಗೆ ಹೊಸ ಅರೀನಾ ಬರುತ್ತದೆ ಅನ್ನುವ ಮಾತನ್ನು ಈ ಊರು ಹತ್ತು ವರ್ಷದಿಂದ ಕೇಳುತ್ತಿದೆ. ಬಂದಾಗ ನೋಡೋಣ.

ನಾನು ಗೋಣಿಕೊಪ್ಪದವಳು. ನಮ್ಮ ಕೊಡಗಿನಲ್ಲಿ ಹಾಕಿ ಅಂದರೆ ಮನೆತನದ ಹಬ್ಬ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ 60 ಕುಟುಂಬಗಳಿಂದ ಶುರುವಾಯಿತು. 2024ರಲ್ಲಿ ಆಡಿದ್ದು 360 ಕುಟುಂಬಗಳು. ಅಲ್ಲಿ ಗ್ಯಾಲರಿ ತಾತ್ಕಾಲಿಕ. ಪ್ರತಿ ವರ್ಷ ಬೇರೆ ಮನೆತನ ನಡೆಸುತ್ತದೆ, ಜನ ಜಾಸ್ತಿ ಆದರೆ ಮುಂದಿನ ಸಲ ಗ್ಯಾಲರಿಯನ್ನೂ ದೊಡ್ಡದು ಮಾಡಿದರಾಯಿತು. ನಿಮ್ಮದು ಕಾಂಕ್ರೀಟ್. ಅದೂ ಮೈದಾನದ ಪೂರ್ವದ ದಿಬ್ಬದೊಳಗೆ ಅರ್ಧ ಹುಗಿದು ಕಟ್ಟುವಂಥದ್ದು. ಒಂದು ಸಲ ಸುರಿದ ಮೇಲೆ ಇನ್ನು 50 ವರ್ಷ ಅದೇ ಅಳತೆ.

ಹಾಗಾಗಿ ನನ್ನ ಕೇಳಿಕೆ ಇಷ್ಟು. ಇನ್ನೂ ಸುಮಾರು 2,000 ಸೀಟು ಸೇರಿಸಿದರೆ ಎಷ್ಟು ಖರ್ಚು ಜಾಸ್ತಿಯಾಗುತ್ತದೆ, ಅದನ್ನು ಬಹಿರಂಗವಾಗಿ ಹೇಳಿ. ನಗರದ ಆಡಿಟರ್ ಜನರಲ್ ಈ ಯೋಜನೆಯ ಖರ್ಚಿನ ಬಗ್ಗೆ ಈಗಾಗಲೇ ಎಚ್ಚರಿಸಿದ್ದಾರೆ, ಅವರಿಂದಲೇ ಆ ಲೆಕ್ಕವನ್ನು ನೋಡಿಸಿ. ದುಬಾರಿ ಅಂತ ಬಂದರೆ ಜನರಿಗೆ ಅದನ್ನೇ ಹೇಳಿ, ನಾವು ಕೇಳಿಸಿಕೊಳ್ಳುತ್ತೇವೆ. ಈಗ ಕಟ್ಟಲು ಆಗದಿದ್ದರೆ, ಮುಂದೆ ಒಂದು ಕಡೆ ಮೇಲಿನ ಹಂತ ಸೇರಿಸಲು ತಳಪಾಯದಲ್ಲೇ ಅವಕಾಶ ಬಿಡಬಹುದೇ ಅಂತ ಎಂಜಿನಿಯರ್‌ಗಳನ್ನು ಕೇಳಿ. ಲೀಗ್‌ನವರನ್ನು ಮಾಧ್ಯಮದ ಮೂಲಕ ಅಲ್ಲ, ಎದುರು ಕೂರಿಸಿಕೊಂಡು ಮಾತಾಡಿ. ಹೊಸ ಅರೀನಾ ಮುಗಿಯುವವರೆಗೂ ಹಳೆಯದು ನಿಂತಿರುತ್ತದೆ, ಹಾಗಾಗಿ ಮಾತಿಗೆ ಸಮಯ ಇಲ್ಲ ಅನ್ನುವಂತಿಲ್ಲ.

ನೀವು ರಾಜಕೀಯಕ್ಕೆ ಬರುವ ಮುಂಚೆ ಪತ್ರಕರ್ತರಾಗಿದ್ದವರು, ರೇಡಿಯೋದಲ್ಲಿ ಎಷ್ಟೋ ಜನರನ್ನು ಕೂರಿಸಿ ಪ್ರಶ್ನೆ ಕೇಳಿದವರು. 15-10ರಲ್ಲಿ ಗೆದ್ದ ಯೋಜನೆಯ ಬಗ್ಗೆ ಈ ಸೀಟಿನ ಪ್ರಶ್ನೆಯನ್ನು ನೀವೇ ಆಗಿದ್ದರೆ ಹೇಗೆ ಕೇಳುತ್ತಿದ್ದಿರೋ, ಹಾಗೇ ಒಮ್ಮೆ ನಿಮ್ಮ ಅಧಿಕಾರಿಗಳನ್ನು ಕೇಳಿ. ಅವರು ಕೊಡುವ ಉತ್ತರವನ್ನು ನಮಗೂ ಕಳಿಸಿ. ಕನ್ನಡ ಮಾಡಿ ಇಲ್ಲಿನವರಿಗೆ ಹಂಚುವ ಕೆಲಸ ನನ್ನದು.

ಇಂತಿ,
ಬ್ಯಾರ್‌ಹೇವನ್‌ನಿಂದ ಒಬ್ಬ ಚಾರ್ಜ್ ಅಭಿಮಾನಿ